ಬಿಳಿ ಸಮುದ್ರದ ಮುತ್ತು: ಎರಡನೆಯ ಸಾಕ್ಷಿ

ದೋಹಾ ಬಂದರಿನ ಮರದ ಶೆಡ್ಡಿನಲ್ಲಿ ಆ ಜೂನ್ ತಿಂಗಳು ಕಾಡಿನ ವಾಸನೆ ಇತ್ತು. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ಒಳಗೆ ಮಾಡಿನವರೆಗೆ ಪೇರಿಸಿಟ್ಟ ಪೈನ್ ಹಲಗೆಗಳ ತುದಿಯಲ್ಲಿ ಹೊಂಬಣ್ಣದ ರಾಳ ಹನಿಗಟ್ಟಿ ನಿಧಾನವಾಗಿ ಇಳಿಯುತ್ತಿತ್ತು. ಹಿಮದಲ್ಲಿ ಬೆಳೆದ ಮರ ಇಲ್ಲಿ ಬಂದು ಬೆವರುತ್ತಿದೆ ಅನ್ನಿಸಿತು. ಪ್ರತಿ ಕಟ್ಟಿನ ಮೇಲೂ ರಷ್ಯನ್ ಅಕ್ಷರಗಳ ಅಚ್ಚು. ಈ ಮರ ಬೆಳೆದ ಸೀಮೆಯ ಬಗ್ಗೆ ನಾನು ನಾಲ್ಕು ಪುಟ ತಯಾರು ಮಾಡಬೇಕಾಗಿತ್ತು. ಅದರ ಬಗ್ಗೆ ನನಗೆ ನಿಜವಾಗಿ ಗೊತ್ತಿದ್ದದ್ದು ಆ ಹೊತ್ತಿಗೆ ಈ ವಾಸನೆ ಮಾತ್ರ.

ಅದು ತೊಂಬತ್ತರ ದಶಕದ ನಡುಭಾಗ. ನಾನು ದೋಹಾದ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ರಷ್ಯದ ಉತ್ತರದಲ್ಲಿ, ಬಿಳಿ ಸಮುದ್ರದ ದಡದ ಅರ್ಖಾಂಗೆಲ್ಸ್ಕ್ ಪ್ರಾಂತ್ಯದಿಂದ ಒಂದು ವ್ಯಾಪಾರ ನಿಯೋಗ ಬರುವುದಿತ್ತು. ದೋಹಾ ಆಗ ಕಟ್ಟಿಕೊಳ್ಳುತ್ತಿತ್ತು; ಕಟ್ಟುವವರಿಗೆ ಮರ ಬೇಕಿತ್ತು. ನಿಯೋಗ ಬಂದಿಳಿಯುವ ದಿನ ಪತ್ರಿಕೆಯ ಜೊತೆಗೆ ಆ ಪ್ರಾಂತ್ಯದ ಬಗ್ಗೆ ಒಂದು ಪುರವಣಿ ಹೋಗಬೇಕು ಎಂದು ತೀರ್ಮಾನವಾಯಿತು. ಇತಿಹಾಸಕ್ಕೆ ಒಂದು ಪುಟ, ಭೂಗೋಳಕ್ಕೆ ಒಂದು, ಆರ್ಥಿಕ ಸ್ಥಿತಿಗೆ ಒಂದು, ಕೊನೆಯದು ಜಾಹೀರಾತಿಗೆ. ನನಗೆ ಸಿಕ್ಕಿದ್ದು ಹನ್ನೆರಡು ದಿನ.

ನಮ್ಮ ಮುಖ್ಯ ಉಪಸಂಪಾದಕರು ಕೇರಳದವರು, ಧ್ವನಿ ಏರಿಸದ ಮನುಷ್ಯ. ಅವರದೊಂದು ನಿಯಮವಿತ್ತು. ಪರಸ್ಪರ ಸಂಬಂಧವಿಲ್ಲದ ಎರಡು ಮೂಲಗಳಿಲ್ಲದೆ ಯಾವ ಸಂಗತಿಯೂ ಅಚ್ಚಿಗೆ ಹೋಗುವಂತಿಲ್ಲ. ಅದಕ್ಕಾಗಿ ನಾನು ಒಂದು ಕಾರ್ಡಿಗೆ ಒಂದೇ ಸಂಗತಿ ಬರೆದು, ಕೆಳಗಿನ ಮೂಲೆಯಲ್ಲಿ ಮೂಲದ ಸಂಖ್ಯೆ ಹಾಕುತ್ತಿದ್ದೆ. ಎರಡು ಸಂಖ್ಯೆ ಬಿದ್ದ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತಿದ್ದೆ. ಒಂದೇ ಸಂಖ್ಯೆಯವು ಮೇಜಿನ ಕೆಳಗಿನ ಚಪ್ಪಲಿ ಪೆಟ್ಟಿಗೆಯಲ್ಲಿ ಕಾಯುತ್ತಿದ್ದವು. ಅಲ್ಲಿಂದ ಹೊರಬಂದವು ಕಡಿಮೆ.

ಮೂಲಗಳೂ ಹೆಚ್ಚಿರಲಿಲ್ಲ. ಕಚೇರಿಯಲ್ಲಿ ಒಂದು ಹಳೆಯ ವಿಶ್ವಕೋಶ, ಸೋವಿಯತ್ ಕಾಲದಲ್ಲಿ ಅಚ್ಚಾದ ಒಂದು ಬಣ್ಣದ ಪುಸ್ತಿಕೆ, ಸುದ್ದಿಸಂಸ್ಥೆಗಳಿಂದ ಬಂದ ವರದಿಗಳ ಕಡತ. ಪುಸ್ತಿಕೆಯಲ್ಲಿ ಮರದ ಮಿಲ್ಲುಗಳು ಹಗಲಿರುಳು ಓಡುತ್ತಿದ್ದವು, ಕಾರ್ಮಿಕರೆಲ್ಲ ನಗುತ್ತಿದ್ದರು. ಕಡತದಲ್ಲಿ ಅದೇ ಮಿಲ್ಲುಗಳು ಒಂದೊಂದಾಗಿ ನಿಂತುಹೋಗುತ್ತಿದ್ದವು, ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಕಾಯುತ್ತಿದ್ದರು. ಎರಡನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಇದ್ದ ಹೆಸರುಗಳನ್ನು ಮಾತ್ರ ಹೆಕ್ಕಿದೆ.

ಮೊದಲ ಮೂರು ದಿನ ಬರೀ ಓದು. ಕಿಟಕಿಯಾಚೆ ಧೂಳಿನಲ್ಲಿ ಆಕಾಶ ಮರಳಿನ ಬಣ್ಣಕ್ಕೆ ತಿರುಗಿರುತ್ತಿತ್ತು. ನಾನು ಎ.ಸಿ.ಯ ಗುಂಯ್‌ಗುಡುವಿಕೆಯ ಕೆಳಗೆ ಕೂತು ಉತ್ತರ ದ್ವಿನಾ ನದಿಯ ಜೊತೆ ಇಳಿಯುತ್ತಿದ್ದೆ. ಅದು ಕಾಡುಗಳ ನಡುವೆ ನೂರಾರು ಮೈಲಿ ಅವಸರವಿಲ್ಲದೆ ಹರಿದು, ಕೊನೆಗೆ ಹಲವು ಕವಲಾಗಿ ಬಿಳಿ ಸಮುದ್ರಕ್ಕೆ ಸೇರುತ್ತದೆ. ಅಳಿವೆಯ ಹತ್ತಿರ ಪಟ್ಟಣ. ಇಂಗ್ಲಿಷ್ ನಾವಿಕರು ಉತ್ತರದ ಹಿಮದ ದಾರಿಯಿಂದ ಪೂರ್ವದೇಶಗಳಿಗೆ ಹೋಗಲು ಹೊರಟು, ದಾರಿ ಸಿಗದೆ, ಈ ಅಳಿವೆಗೆ ಬಂದು ಮುಟ್ಟಿದರು. ನಮ್ಮ ಕಡೆಯ ಮೆಣಸು, ಸಾಂಬಾರಗಳನ್ನು ಹುಡುಕಿಕೊಂಡು ಹೊರಟವರಿಗೆ ಸಿಕ್ಕಿದ್ದು ತುಪ್ಪಳ, ಮೇಣ, ಡಾಂಬರು. ಅದರ ನಂತರ ನೂರು ವರ್ಷಕ್ಕೂ ಹೆಚ್ಚು ಕಾಲ ರಷ್ಯಕ್ಕೆ ಸಮುದ್ರದ ಬಾಗಿಲು ಎಂದರೆ ಇದೊಂದೇ. ಬಾಲ್ಟಿಕ್ ದಡದಲ್ಲಿ ಹೊಸ ರಾಜಧಾನಿ ಎದ್ದಾಗ ವ್ಯಾಪಾರ ಅತ್ತ ಹೋಯಿತು, ಪಟ್ಟಣ ಮಂಕಾಯಿತು. ಮತ್ತೆ ಮರದ ಮಿಲ್ಲುಗಳು ಬಂದವು, ಯುದ್ಧ ಬಂತು, ಮಿತ್ರದೇಶಗಳ ಹಡಗುಗಳು ಮಂಜಿನಲ್ಲಿ ಬಂದು ಸರಕು ಇಳಿಸಿದವು. ದಡದ ಜನ ತಮ್ಮನ್ನು ಕರೆದುಕೊಳ್ಳುವ ಹೆಸರಿಗೆ ಕಡಲಂಚಿನವರು ಎಂದೇ ಅರ್ಥ. ನಾವು ಕರಾವಳಿಯವರು ಅನ್ನುವ ಹಾಗೆ. ಅವರೂ ಉಪ್ಪು ಮಾಡುತ್ತಿದ್ದರು. ಆದರೆ ಬಿಸಿಲು ಸಾಲದೆ ಸಮುದ್ರದ ನೀರನ್ನು ಕಟ್ಟಿಗೆ ಉರಿಸಿ ಬತ್ತಿಸುತ್ತಿದ್ದರು. ಆ ಕಾರ್ಡು ಬರೆದು ತಲೆಯೆತ್ತಿದೆ. ಕಿಟಕಿಯ ಆಚೆ, ಇಡೀ ಸೀಮೆಗೆ ಉಪ್ಪು ಮಾಡಿ ಮಿಗುವಷ್ಟು ಬಿಸಿಲು ಸುಮ್ಮನೆ ಬಿದ್ದಿತ್ತು.

ನಾಲ್ಕನೆಯ ದಿನ ಬಂದರಿಗೆ ಹೋದೆ. ಶೆಡ್ಡಿನಲ್ಲಿ ಕಟ್ಟು ಎಣಿಸುತ್ತಿದ್ದ ಟ್ಯಾಲಿ ಕ್ಲಾರ್ಕ್ ಅರವತ್ತರ ಹತ್ತಿರದವರು, ಎಡಗಾಲು ತುಸು ಎಳೆದು ನಡೆಯುವವರು. ನಾನು ಹಲಗೆಯ ತುದಿಗೆ ಮೂಗು ಹಿಡಿದದ್ದು ಕಂಡು ಹತ್ತಿರ ಬಂದರು. ನನ್ನ ಇಂಗ್ಲಿಷ್ ಕೇಳಿಯೇ ಊರಿನ ಕಡೆಯವನೆಂದು ಗೊತ್ತಾಯಿತಂತೆ.

“ಇದು ಆರ್ಕೇಂಜಲ್ ಮರ ಮಾರಾಯ್ರೆ. ಕಾಗದ ನೋಡ್ಬೇಕಂತ ಇಲ್ಲ. ನಾನು ಆ ಊರಿನಲ್ಲಿ ಒಂದು ಚಳಿಗಾಲ ಮಲಗಿ ಎದ್ದವ.”

ಹಡಗಿನವರು ಅರ್ಖಾಂಗೆಲ್ಸ್ಕ್ ಬಂದರನ್ನು ಕರೆಯುವ ಹೆಸರು ಅದು. ಅವರು ಉಡುಪಿಯ ಉತ್ತರದ ಒಂದು ಕಡಲತಡಿಯ ಊರಿನವರು, ತುಳು ಮನೆಮಾತು. ಮೂವತ್ತು ವರ್ಷದ ಹಿಂದೆ ಬೊಂಬಾಯಿಯಲ್ಲಿ ಹಡಗು ಹತ್ತಿ ಖಲಾಸಿಯಾಗಿದ್ದರು. ಇನ್ನು ಎರಡು ವಾರಕ್ಕೆ ಕೆಲಸ ಮುಗಿಸಿ ಖಾಯಂ ಊರಿಗೆ ಹೊರಟಿದ್ದರು. ಶುಕ್ರವಾರ ರೂಮಿಗೆ ಬನ್ನಿ, ಎಲ್ಲ ಹೇಳ್ತೇನೆ ಎಂದರು.

ಅಲ್ ಮನ್ಸೂರಾದ ಆ ಮಹಡಿಯ ಕೋಣೆಯಲ್ಲಿ ಆರು ಮಂಚಗಳಿದ್ದವು. ಕೆಳಗಿನ ಹೋಟೆಲಿನ ಸಾಂಬಾರಿನ ಘಮ ಮೆಟ್ಟಿಲು ಹತ್ತಿ ಬರುತ್ತಿತ್ತು. ಶುಕ್ರವಾರ ಬೆಳಿಗ್ಗೆ ಎಲ್ಲರೂ ಮನೆಯಲ್ಲೇ ಇದ್ದರು. ಅವರನ್ನು ಅಲ್ಲಿ ಎಲ್ಲರೂ ರಷ್ಯಾಣ್ಣ ಎಂದೇ ಕರೆಯುತ್ತಿದ್ದರು. ನಾನು ನೋಟ್‌ಬುಕ್ ತೆರೆಯುತ್ತಿದ್ದಂತೆ ಮೇಲಿನ ಮಂಚದಿಂದ ಒಬ್ಬರು ಹೇಳಿದರು:

“ಎ.ಸಿ. ಸ್ವಲ್ಪ ಕಮ್ಮಿ ಮಾಡಿ ಮಾರಾಯ್ರೆ, ಈಗ ಹಿಮ ಬೀಳ್ಲಿಕ್ಕುಂಟು.”

ಮತ್ತೊಬ್ಬರು ಬಟ್ಟೆ ಇಸ್ತ್ರಿ ಮಾಡುತ್ತಾ, “ಮುತ್ತು ಈ ಸಲ ಎಷ್ಟು ದೊಡ್ಡದು ಅಣ್ಣ? ಹೋದ ವರ್ಷ ಕಡಲೆಯಷ್ಟಿತ್ತು” ಎಂದರು.

ರಷ್ಯಾಣ್ಣ ಸಿಟ್ಟಾಗಲಿಲ್ಲ. ಕೋಣೆಯ ನಗು ಇಳಿಯುವವರೆಗೆ ಕಾದು ಶುರುಮಾಡಿದರು.

ಅಕ್ಟೋಬರಿನಲ್ಲಿ ಮರ ತುಂಬುವಾಗ ಒಂದು ಕಟ್ಟು ಜಾರಿ ಅವರ ಕಾಲಿನ ಮೇಲೆ ಬಿತ್ತು. ನದಿ ಹೆಪ್ಪುಗಟ್ಟುವ ಮೊದಲು ಹಡಗು ಹೊರಡಲೇಬೇಕಿತ್ತು. ಇವರನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೊರಟಿತು. ಆಮೇಲೆ ಜನವರಿಯಲ್ಲಿ ಮಾಸ್ಕೋ ಮೂಲಕ ವಿಮಾನದಲ್ಲಿ ಕಳಿಸಿಕೊಟ್ಟರು. ನಡುವೆ ಆದದ್ದೆಲ್ಲ ಅವರು ಕಂಡದ್ದು ಆಸ್ಪತ್ರೆಯ ಒಂದು ಕಿಟಕಿಯಲ್ಲಿ. ಹಗಲಿನ ಬೆಳಕು ಹತ್ತು ಗಂಟೆಗೆ ಬಂದು ಊಟದ ಹೊತ್ತು ದಾಟುತ್ತಲೇ ಹೊರಟುಹೋಗುತ್ತಿತ್ತಂತೆ. ಬೀದಿಯ ಕಾಲುದಾರಿಗೆ ಕಲ್ಲಲ್ಲ, ಹಲಗೆ ಹಾಸಿದ್ದರು. ನಡೆಯುವವರ ಸದ್ದು ಮರದ ದೋಣಿಯ ಮೇಲೆ ನಡೆದ ಹಾಗೆ ಕೇಳುತ್ತಿತ್ತು. ಒಂದು ದಿನ ಎದ್ದು ನೋಡಿದರೆ ನದಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಬಯಲು, ಬಯಲಿನ ಮೇಲೆ ಜನ ಚೀಲ ಹಿಡಿದು ಆಚೆ ದಡಕ್ಕೆ ಹೋಗುತ್ತಿದ್ದರು. ಊರಿನಿಂದ ಒಯ್ದ ತೆಂಗಿನೆಣ್ಣೆಯ ಸೀಸೆ ಕಿಟಕಿಯ ಕಟ್ಟೆಯಲ್ಲಿತ್ತು. ಎಣ್ಣೆ ಕಲ್ಲಾಗಿತ್ತು. ಬಗ್ಗಿಸಿದರೆ ಬೀಳದು, ಕಡ್ಡಿಯಿಂದ ಕೆರೆದರೂ ಬಾರದು. ಕೋಣೆ ಗುಡಿಸಲು ಬರುತ್ತಿದ್ದ ಮುದುಕಿ ಅದನ್ನು ಬಿಸಿನೀರಿನ ಕೊಳವೆಯ ಮೇಲೆ ಇಟ್ಟು ಕರಗಿಸಿ ಇವರ ಕಾಲಿಗೆ ಹಚ್ಚುತ್ತಿದ್ದಳು.

ಮುತ್ತು ಕೊಟ್ಟದ್ದು ಅವಳೇ. ಬಿಳಿ ಸಮುದ್ರಕ್ಕೆ ಸೇರುವ ಸಣ್ಣ ನದಿಗಳ ಚಿಪ್ಪುಗಳಲ್ಲಿ ಮುತ್ತು ಸಿಗುತ್ತದೆ ಎಂದರು ರಷ್ಯಾಣ್ಣ. ತೆಪ್ಪದ ನಡುವೆ ಒಂದು ತೂತು, ತೂತಿನಲ್ಲಿ ಮರದ ತೊಗಟೆಯ ಕೊಳವೆ. ಕೊಳವೆಗೆ ಕಣ್ಣಿಟ್ಟು ತಳ ನೋಡಿ, ತುದಿ ಸೀಳಿದ ಕೋಲಿನಿಂದ ಚಿಪ್ಪನ್ನು ಹಿಡಿದೆತ್ತುತ್ತಾರೆ. ತೆಗೆದ ಮುತ್ತನ್ನು ತಕ್ಷಣ ಬಾಯಿಗೆ ಹಾಕಿಕೊಂಡು ಎರಡು ಗಂಟೆ ದವಡೆಯಲ್ಲಿ ಇಟ್ಟುಕೊಳ್ಳುತ್ತಾರೆ. ಹಸಿ ಮುತ್ತು ಬಾಯಿಯ ಬಿಸಿಯಲ್ಲಿ ಗಟ್ಟಿಯಾಗುತ್ತದೆ ಅನ್ನುವುದು ಅವರ ನಂಬಿಕೆ. “ನಾನು ಕಣ್ಣಾರೆ ಕಂಡಿದ್ದೇನೆ” ಎಂದು, ಎಡಗೆನ್ನೆಯನ್ನು ನಾಲಿಗೆಯಿಂದ ಉಬ್ಬಿಸಿ, ಅದರ ಮೇಲೆ ತೋರುಬೆರಳು ಎರಡು ಸಲ ತಟ್ಟಿ ತೋರಿಸಿದರು. ಕೋಣೆ ಮತ್ತೆ ನಕ್ಕಿತು.

ನನ್ನನ್ನು ಬಿಡಲು ಮೆಟ್ಟಿಲಿಳಿದು ಬಂದಾಗ ಅವರು ನಿಂತರು. ಹೆಸರು ಹಾಕಬೇಕೆಂದಿಲ್ಲ, ಮುತ್ತಿನ ವಿಷಯ ಬಂದರೆ ಸಾಕು ಎಂದರು. ಕಾರಣವನ್ನೂ ಹೇಳಿದರು. ಆ ಮೂರು ತಿಂಗಳು ಮನೆಗೆ ಇವರಿಂದ ಕಾಗದವೇ ಹೋಗಿರಲಿಲ್ಲ. ಹಡಗಿನ ಏಜೆಂಟರು ಬರೆದದ್ದು ಬೇರೆಲ್ಲೋ ಸೇರಿತು. ಅಷ್ಟರಲ್ಲಿ ಊರಿನವರೊಬ್ಬರು ಇವರನ್ನು ಬೊಂಬಾಯಿಯ ಪೇಟೆಯಲ್ಲಿ ಒಂದು ಹೆಂಗಸಿನ ಜೊತೆ ಕಂಡೆ ಎಂದು ಹಬ್ಬಿಸಿದ್ದರು. ಮದುವೆಯಾಗಿ ಆಗ ಒಂದು ವರ್ಷ. ಇವರು ಕುಂಟುತ್ತಾ ಬಂದು ಹೆಂಡತಿಯ ಕೈಗೆ ಆ ಮುತ್ತು ಕೊಟ್ಟರು. ಅದನ್ನು ಮೂಗಿನ ಬೊಟ್ಟಿಗೆ ಕೂರಿಸಿದ ಅಕ್ಕಸಾಲಿ, ಇದು ಬೊಂಬಾಯಿಯ ಅಂಗಡಿಯ ಮಾಲು ಎಂದುಬಿಟ್ಟ.

“ಅವಳು ಒಂದು ಮಾತೂ ಕೇಳ್ಳಿಲ್ಲ. ಇವತ್ತಿನವರೆಗೆ ಕೇಳ್ಳಿಲ್ಲ. ಬೊಟ್ಟು ಹಾಕಿಕೊಳ್ತಾಳೆ. ಆದ್ರೆ ನಂಬಿಲ್ಲ, ಅದು ನನಗೆ ಗೊತ್ತುಂಟು. ಈಗ ಖಾಯಂ ಹೋಗ್ತಾ ಇದ್ದೇನೆ. ಇಷ್ಟು ವರ್ಷ ಎರಡು ವರ್ಷಕ್ಕೊಮ್ಮೆ ಎರಡು ತಿಂಗಳು, ಹೇಗೋ ಆಯ್ತು. ಇನ್ನು ದಿನಾ ಬೆಳಿಗ್ಗೆ ಆ ಮುತ್ತಿನ ಎದುರು ಚಹಾ ಕುಡೀಬೇಕು.”

ಮುತ್ತಿನ ಕಾರ್ಡಿಗೆ ಒಂದೇ ಸಂಖ್ಯೆ ಬಿದ್ದಿತ್ತು. ಎರಡನೆಯದನ್ನು ಹುಡುಕಲು ಮೂರು ದಿನ ಕಳೆದೆ. ವಿಶ್ವಕೋಶದಲ್ಲಿ ಮೀನು, ಸೀಲ್, ಮರ, ಕಾಗದ, ಹಡಗು ಕಟ್ಟುವುದು ಎಲ್ಲ ಇತ್ತು; ಮುತ್ತು ಇರಲಿಲ್ಲ. ಪುಸ್ತಿಕೆಯಲ್ಲಿ ಇರಲಿಲ್ಲ. ಕಡತದಲ್ಲಿ ಇರುವುದು ಸಾಧ್ಯವೇ ಇರಲಿಲ್ಲ. ಸಂಬಳ ಸಿಗದ ಊರಿನಿಂದ ಯಾರೂ ಮುತ್ತಿನ ಸುದ್ದಿ ಕಳಿಸುವುದಿಲ್ಲ.

ನಮ್ಮ ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಿದ್ದ ಕಲಾವಿದರು ಉಳ್ಳಾಲದ ಬ್ಯಾರಿ. ಅರಬ್ಬಿ ಮಾತು ಅವರಿಗೆ ನೀರು. ಅವರು ನನ್ನನ್ನು ಹಳೆಯ ಪೇಟೆ ಸೂಕಿನಲ್ಲಿದ್ದ ಒಬ್ಬ ಮುತ್ತಿನ ವ್ಯಾಪಾರಿಯ ಬಳಿಗೆ ಕರೆದೊಯ್ದರು. ಕತಾರಿನ ಜನ ಎಣ್ಣೆಗಿಂತ ಮೊದಲು ಬದುಕಿದ್ದು ಮುತ್ತಿನ ಮೇಲೆ. ಜಪಾನಿನವರು ಮುತ್ತು ಸಾಕಲು ಕಲಿತ ಮೇಲೆ ಆ ಕಸುಬು ಒಂದೇ ತಲೆಮಾರಿನಲ್ಲಿ ಮುಗಿಯಿತು. ವ್ಯಾಪಾರಿ ಕೆಂಪು ಬಟ್ಟೆ ಬಿಚ್ಚಿ, ಬೇಳೆ ಜರಡಿಯ ಹಾಗಿದ್ದ ಹಿತ್ತಾಳೆ ತಟ್ಟೆಗಳನ್ನು ಒಂದರೊಳಗೊಂದು ಇಟ್ಟು ತೋರಿಸಿದರು. ಗಾತ್ರಕ್ಕೊಂದು ತಟ್ಟೆ, ತೂತು ಬೇರೆ ಬೇರೆ. ಹಿಮದ ದೇಶದ ನದಿಯ ಮುತ್ತಿನ ಬಗ್ಗೆ ಕೇಳಿದೆವು. ಅವರು ಹೇಳಿದ್ದನ್ನು ಕಲಾವಿದರು ಹೀಗೆ ಕನ್ನಡಕ್ಕೆ ತಂದರು:

“ಸಮುದ್ರದ ಅಡಿಯಲ್ಲಿ ಸಿಹಿನೀರು ಉಕ್ಕುವ ಜಾಗದಲ್ಲಿ ಒಳ್ಳೆ ಮುತ್ತು ಆಗ್ತದೆ ಅಂತ ಇವರ ಅಜ್ಜ ಹೇಳ್ತಿದ್ರಂತೆ ಸಾರ್. ಹಾಗಿದ್ರೆ ಬರೀ ಸಿಹಿನೀರಿನಲ್ಲೂ ಆಗಬಹುದು. ಆದ್ರೆ ಇವರು ನೋಡಿಲ್ಲ. ನೋಡದ್ದಕ್ಕೆ ಸಾಕ್ಷಿ ಹೇಳುದಿಲ್ಲ ಅಂತಾರೆ. ಖಲಾಸ್.”

ಬಾಯಿಯಲ್ಲಿ ಇಡುವ ವಿಷಯ ಕೇಳಿ ವ್ಯಾಪಾರಿ ಮೊದಲ ಸಲ ನಕ್ಕರು. ಕಡಲಿನ ಮುತ್ತು ಹುಟ್ಟುವಾಗಲೇ ಗಟ್ಟಿ ಎಂದರು.

ಪುಟ ಮುಗಿಸುವ ದಿನ ಬೆಳಿಗ್ಗೆ, ರಷ್ಯಾಣ್ಣನ ಅನುಭವವನ್ನು ಹದಿನೈದು ಸಾಲಿಗೆ ಇಳಿಸುವ ಮೊದಲು, ಅಭ್ಯಾಸದಂತೆ ಅವರು ಹೇಳಿದ್ದನ್ನು ಕಾಲಾನುಕ್ರಮದಲ್ಲಿ ಬರೆದುಕೊಂಡೆ. ಅಕ್ಟೋಬರಿನಲ್ಲಿ ಕಾಲು ಮುರಿದದ್ದು. ಹಡಗು ಹೊರಟದ್ದು. ನದಿ ಹೆಪ್ಪುಗಟ್ಟಿದ್ದು. ಜನವರಿಯಲ್ಲಿ ವಿಮಾನ. ತೆಪ್ಪ ಮತ್ತು ಕೊಳವೆಯನ್ನು ಎಲ್ಲಿ ಸೇರಿಸುವುದೆಂದು ಪೆನ್ಸಿಲು ಹಿಡಿದು ನೋಡಿದೆ. ಎಲ್ಲೂ ಜಾಗ ಇರಲಿಲ್ಲ. ಕಾಲಿಗೆ ಸಿಮೆಂಟಿನ ಪಟ್ಟಿ ಹಾಕಿಸಿಕೊಂಡು ಮಲಗಿದ್ದವರು, ಹಲಗೆಯಂತೆ ಗಟ್ಟಿಯಾದ ನದಿಯ ಮೇಲೆ, ತೆಪ್ಪದಲ್ಲಿ ಕೂತು ಚಿಪ್ಪು ಹೆಕ್ಕುವವರನ್ನು ಕಣ್ಣಾರೆ ಕಾಣುವುದು ಹೇಗೆ?

ಬಂದರಿನ ಶೆಡ್ಡಿಗೆ ಎರಡು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಮುಖ್ಯ ಉಪಸಂಪಾದಕರಿಗೆ ಪಟ್ಟಿ ತೋರಿಸಿದೆ. ಅವರು ಓದಿ, “ಎಣ್ಣೆ ಇರಲಿ. ತೆಂಗಿನೆಣ್ಣೆ ಗಟ್ಟಿಯಾಗುವುದಕ್ಕೆ ನನ್ನ ಮನೆಯ ಫ್ರಿಜ್ಜೇ ಎರಡನೆಯ ಮೂಲ. ಮುತ್ತು ಬೇಡ” ಎಂದರು. ನಾನು ವಾದಿಸಲಿಲ್ಲ. ನನ್ನ ಕೈಯಿಂದಲೇ ಮುತ್ತಿನ ನಾಲ್ಕು ಸಾಲು ಹೊಡೆದು, ಕಾರ್ಡನ್ನು ಪೆಟ್ಟಿಗೆಗೆ ಹಾಕಿದೆ. ಹಡಗಿನವರು ಕಥೆ ಬೆಳೆಸುತ್ತಾರೆ, ಇದೂ ಹಾಗೆಯೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದೆ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಆ ದಿನದ ಇನ್ನೊಂದು ತೊಡಕು ನಕ್ಷೆಯದು. ಕಲಾವಿದರು ಬಿಳಿ ಸಮುದ್ರಕ್ಕೆ ಬಣ್ಣವನ್ನೇ ಹಾಕಿರಲಿಲ್ಲ. ಹೆಸರೇ ಬಿಳಿ, ಅರ್ಧ ವರ್ಷ ಹಿಮ, ನೀಲಿ ಯಾಕೆ ಎಂಬುದು ಅವರ ವಾದ. ಮುದ್ರಣಾಲಯದಿಂದ, ನಕ್ಷೆಯಲ್ಲಿ ಒಂದು ತೂತು ಬಿದ್ದಿದೆ ಎಂದು ಫೋನ್ ಬಂತು. ನೀಲಿ ಹಾಕಿಸಿದೆವು. ಅವರು ಸಂಜೆವರೆಗೆ ನನ್ನೊಡನೆ ಮಾತಾಡಲಿಲ್ಲ.

ಪುರವಣಿ ಗುರುವಾರ ಹೊರಬಂತು. ಹನ್ನೊಂದು ಗಂಟೆಗೆ ಬಂದರಿನಿಂದ ಫೋನ್. ಹಿಂದೆ ಕ್ರೇನಿನ ಸದ್ದು.

“ಎಣ್ಣೆ ಬಂದಿದೆ. ಮುತ್ತು ಬರ್ಲಿಲ್ಲ ಅಲ್ವಾ?”

ಎರಡನೆಯ ಮೂಲ ಸಿಗಲಿಲ್ಲ ಎಂದೆ. ತೆಪ್ಪದ ಲೆಕ್ಕ ತಪ್ಪಿದ್ದನ್ನು ಹೇಳಲಿಲ್ಲ. ಅವರು ಆಯ್ತು ಎಂದು ಫೋನ್ ಇಟ್ಟರು. ಅವರ ವಿಮಾನ ಮಂಗಳವಾರಕ್ಕೆ ಇತ್ತು.

ಅಂದು ಮಧ್ಯಾಹ್ನ ಕಡಲಂಚಿನ ರಸ್ತೆಯಾದ ಕಾರ್ನಿಶ್‌ನ ಒಂದು ಹೋಟೆಲಿನಲ್ಲಿ ನಿಯೋಗಕ್ಕೆ ಔತಣ. ದುಭಾಷಿಯಾಗಿ ಬಂದಿದ್ದವರು ಅದೇ ಪಟ್ಟಣದ ಶಾಲಾ ಶಿಕ್ಷಕಿ, ಐವತ್ತು ದಾಟಿದವರು. ದೊಡ್ಡ ಕಿಟಕಿಯ ಬಳಿ ನಿಂತು ಕೊಲ್ಲಿಯ ಹಸಿರು ನೀರನ್ನು ನೋಡುತ್ತಿದ್ದರು. ಕೈಯಲ್ಲಿ ನಮ್ಮ ಪುರವಣಿ ಇತ್ತು. ಮಿಲ್ಲುಗಳು ನಿಂತದ್ದನ್ನು ಮುಚ್ಚಿಡದೆ ಬರೆದದ್ದಕ್ಕೆ ತಮಗೆ ಬೇಸರವಿಲ್ಲ ಎಂದರು. ಎಣ್ಣೆ ಕಲ್ಲಾದ ನಾವಿಕನ ಸಾಲುಗಳನ್ನು ಓದಿ ನಕ್ಕಿದ್ದರು. ನನಗೆ ಕೇಳಬೇಕಾದದ್ದು ಒಂದೇ ಇತ್ತು. ಉತ್ತರದ ಸುಳಿವು ಪ್ರಶ್ನೆಯಲ್ಲೇ ಸೇರಿಕೊಳ್ಳಬಾರದೆಂದು, ನಿಮ್ಮ ಕಡೆಯ ನದಿಗಳಲ್ಲಿ ಮೀನಲ್ಲದೆ ಬೇರೇನಾದರೂ ಸಿಗುತ್ತಿತ್ತೇ ಎಂದಷ್ಟೇ ಕೇಳಿದೆ.

ಅವರು ನನ್ನತ್ತ ತಿರುಗಲಿಲ್ಲ. ನೀರನ್ನು ನೋಡುತ್ತಲೇ, ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಮದುವೆಯ ಶಿರೋಭೂಷಣ ಒಂದಿತ್ತು, ಹಣೆಯ ಮೇಲೆ ಬಲೆಯಂತೆ ಇಳಿಬಿದ್ದ ಸಣ್ಣ ಮುತ್ತುಗಳು, ಎಲ್ಲ ನಮ್ಮ ನದಿಯವು ಎಂದರು. ಬೇಸಿಗೆಯಲ್ಲಿ, ನೀರು ತಿಳಿಯಾಗಿ ತಗ್ಗಿದಾಗ ಮಾತ್ರ ತೆಪ್ಪ ಇಳಿಸುತ್ತಿದ್ದರಂತೆ. ಆಮೇಲೆ ಆ ನದಿಗಳಲ್ಲಿ ಮರದ ದಿಮ್ಮಿ ತೇಲಿಬಿಟ್ಟರು. ದಿಮ್ಮಿಗಳು ತಳವನ್ನು ಉಜ್ಜಿಕೊಂಡು ಹೋದವು, ಚಿಪ್ಪುಗಳು ಉಳಿಯಲಿಲ್ಲ. ತಾನು ಹುಡುಗಿಯಾಗಿದ್ದಾಗಲೇ ಅದು ಮುದುಕಿಯರ ಮಾತಾಗಿತ್ತು ಎಂದರು. ತೆಗೆದ ಮುತ್ತನ್ನು ಏನು ಮಾಡುತ್ತಿದ್ದರು ಎಂದು ಕೇಳಿದೆ. ಅವರಿಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ. ಎಡಗೆನ್ನೆಯನ್ನು ನಾಲಿಗೆಯಿಂದ ಉಬ್ಬಿಸಿ, ಅದರ ಮೇಲೆ ತೋರುಬೆರಳು ಎರಡು ಸಲ ತಟ್ಟಿದರು.

ಕೊಲ್ಲಿಯಲ್ಲಿ ಒಂದು ಮರದ ದೋಣಿ ಅಲುಗಾಡದೆ ನಿಂತಿತ್ತು. ಬಂದರಿನ ಶೆಡ್ಡಿನ ಹಲಗೆಗಳು ನೆನಪಾದವು. ಅವುಗಳ ಅಜ್ಜಂದಿರು ತೇಲಿಹೋದ ದಾರಿಯಲ್ಲಿ ಈ ಮುತ್ತುಗಳು ಅಳಿದಿದ್ದವು. ಮರ ಈಗ ಇಲ್ಲಿಗೆ ಬಂದಿತ್ತು, ಮುತ್ತು ಕಳೆದುಕೊಂಡ ಇನ್ನೊಂದು ದಡಕ್ಕೆ.

ಕಚೇರಿಗೆ ಹೋಗಿ ಪೆಟ್ಟಿಗೆಯಿಂದ ಕಾರ್ಡು ತೆಗೆದು ಎರಡನೆಯ ಸಂಖ್ಯೆ ಹಾಕಿದೆ. ಮುಖ್ಯ ಉಪಸಂಪಾದಕರು ಅದನ್ನು ನೋಡಿ, ಅಚ್ಚಾಗದ್ದಕ್ಕೆ ತಿದ್ದುಪಡಿ ಹಾಕುವ ಕ್ರಮ ಯಾವ ಪತ್ರಿಕೆಯಲ್ಲೂ ಇಲ್ಲ ಎಂದರು. ಅದು ಸರಿಯೇ. ಆದರೆ ನಾನು ತಿಂಗಳಿಗೊಮ್ಮೆ ಊರಿನ ಒಂದು ಕನ್ನಡ ವಾರಪತ್ರಿಕೆಗೆ ದೋಹಾದಿಂದ ಪತ್ರ ಬರೆಯುತ್ತಿದ್ದೆ. ಅಲ್ಲಿ ಬರೆಯಬಹುದಿತ್ತು. ರಷ್ಯಾಣ್ಣನ ಹೆಂಡತಿ ಓದಬಲ್ಲದ್ದೂ ಕನ್ನಡವನ್ನೇ.

ಶುಕ್ರವಾರ ಬೆಳಗಿನ ಆರಕ್ಕೆ, ಬಿಸಿಲು ಏರುವ ಮೊದಲು, ರಷ್ಯಾಣ್ಣನನ್ನು ಕಾರ್ನಿಶ್‌ನ ಕಟ್ಟೆಗೆ ಕರೆದುಕೊಂಡು ಹೋದೆ. ಶಿಕ್ಷಕಿ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಆಮೇಲೆ ನಾನು ಕೇಳಲೇಬೇಕಾದದ್ದನ್ನು ಕೇಳಿದೆ.

“ಅಣ್ಣ, ತೆಪ್ಪ ಇಳಿಸುವುದು ಬೇಸಿಗೆಯಲ್ಲಿ. ನೀವು ಇದ್ದದ್ದು ಚಳಿಗಾಲದಲ್ಲಿ. ನೀವು ಕಂಡದ್ದು ಯಾವುದು?”

ಅವರು ದೋಣಿಗಳ ಕಡೆ ತಿರುಗಿದರು.

“ತೆಪ್ಪ ಕಂಡಿಲ್ಲ. ಮುದುಕಿ ಹೇಳಿದ್ದು. ಹೇಳಿದ್ದು ಅಂದ್ರೆ ಕೈಯಲ್ಲಿ. ನನಗೆ ಅವಳ ಭಾಷೆ ಇಲ್ಲ, ಅವಳಿಗೆ ನನ್ನದಿಲ್ಲ. ಹಾಸಿಗೆಯ ಚಾದರವೇ ನದಿ, ಚಹಾದ ತಟ್ಟೆಯೇ ತೆಪ್ಪ, ಪೇಪರ್ ಸುತ್ತಿ ಕೊಳವೆ. ಮುತ್ತು ಕಂಡಿದ್ದೇನೆ. ಹೇಗೆ ಅಂತ ತೋರಿಸ್ಲಿಕ್ಕೆ ಅವಳು ಬಾಯಿಗೆ ಹಾಕಿ ತೆಗೆದು, ಒರೆಸಿ ಕೊಟ್ಟಳು. ಅದು ಸತ್ಯ.”

ಹಾಗಾದರೆ ಕಣ್ಣಾರೆ ಕಂಡೆ ಎಂದದ್ದು ಯಾಕೆ ಎಂದೆ.

“ಕಂಡದ್ದು ಅಂದ್ರೂ ನಂಬ್ಲಿಲ್ಲ ಅಲ್ವಾ ಮಾರಾಯ್ರೆ. ಮುದುಕಿ ಚಾದರದಲ್ಲಿ ತೋರಿಸಿದ್ದು ಅಂದ್ರೆ ನಂಬ್ತಿದ್ರಾ?”

ಅವರ ತಪ್ಪು ನನಗೆ ಆಗ ಪೂರ್ತಿ ಕಂಡಿತು, ನನ್ನದೂ. ಅವರು ಕೇಳಿದ್ದನ್ನು ನೋಡಿದ್ದಾಗಿ ಬಡ್ತಿ ಕೊಟ್ಟಿದ್ದರು. ನಾನು ಆ ಒಂದು ಸುಳ್ಳನ್ನು ಹಿಡಿದು, ಅದರ ಜೊತೆಗಿದ್ದ ನಿಜವನ್ನೂ ಪೆಟ್ಟಿಗೆಗೆ ತಳ್ಳಿದ್ದೆ.

ಕನ್ನಡದಲ್ಲಿ ಬರೆಯುತ್ತೇನೆ ಎಂದೆ. ಆದರೆ ಕೇಳಿದ್ದು ಎಂದೇ ಬರೆಯುತ್ತೇನೆ. ಕಂಡದ್ದು ಎಂದು ಬರೆದರೆ ಊರಿನಲ್ಲಿ ಪರಿಶೀಲಿಸುವವರು ಯಾರೂ ಇರಲಿಲ್ಲ, ಅದು ನನಗೂ ಗೊತ್ತಿತ್ತು, ಅವರಿಗೂ.

“ಮೂವತ್ತು ವರ್ಷ ಕಂಡದ್ದು ಅಂತ ಹೇಳಿದ್ದೇನೆ ಅವಳಿಗೆ. ಈಗ ಪೇಪರಿನಲ್ಲಿ ಕಂಡದ್ದಲ್ಲ ಅಂತ ಬಂದ್ರೆ? ಇದು ಸುಳ್ಳಾದ್ರೆ ಉಳಿದದ್ದೂ ಸುಳ್ಳು ಅಂತ ಹೇಳಿದ್ರೆ?”

ಬರೆಯದೇ ಇರಬಹುದು, ಅದು ನಿಮ್ಮ ನಿರ್ಧಾರ ಎಂದೆ. ಬಿಸಿಲು ಕಟ್ಟೆಗೆ ಬಂತು. ಒಬ್ಬ ಮೀನುಗಾರ ಬಲೆ ಒಣಹಾಕಿ ಹೋದ. ರಷ್ಯಾಣ್ಣ ಎದ್ದು, ಎಡಗಾಲನ್ನು ನೆಲಕ್ಕೆ ಎರಡು ಸಲ ಒತ್ತಿ ಸರಿಮಾಡಿಕೊಂಡರು.

“ಬರೀರಿ. ಕೇಳಿದ್ದು ಅಂತಲೇ ಬರೀರಿ. ಚಾದರದ ವಿಷಯವೂ ಹಾಕಿ.”

ಅಂದು ಅಲ್ ಅಜೀಜಿಯಾದ ನನ್ನ ಮನೆಯಲ್ಲಿ ಕೂತು ಬರೆದೆ. ಇಂಗ್ಲಿಷಿನಲ್ಲಿ ಹನ್ನೆರಡು ದಿನ ತೆಗೆದುಕೊಂಡ ಸೀಮೆ ಕನ್ನಡದಲ್ಲಿ ಒಂದು ಮಧ್ಯಾಹ್ನದಲ್ಲಿ ಬಂತು. ಮರ, ಉಪ್ಪು, ನಿಂತ ಮಿಲ್ಲುಗಳು, ಹಲಗೆಯ ಬೀದಿ, ಚಾದರದ ನದಿ. ಶಿಕ್ಷಕಿ ಹೇಳಿದ್ದು ಬೇರೆ, ನಾವಿಕ ಹೇಳಿದ್ದು ಬೇರೆ ಎಂದು ಬಿಡಿಸಿ ಬರೆದೆ. ನಾವಿಕ ನೋಡಿದ್ದೆಷ್ಟು, ಮುದುಕಿಯಿಂದ ತಿಳಿದದ್ದೆಷ್ಟು ಎಂದೂ ಬಿಡಿಸಿದೆ. ಶನಿವಾರ ಫ್ಯಾಕ್ಸ್ ಮಾಡಿದೆ. ಮಂಗಳವಾರ ರಷ್ಯಾಣ್ಣ ಹೋದರು. ಅವರ ಮಂಚಕ್ಕೆ ಬೇರೆಯವರು ಬಂದರು.

ಲೇಖನ ಮೂರು ವಾರದ ಮೇಲೆ ಅಚ್ಚಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಊರಿನಿಂದ ಒಂದು ಕಾಗದ ಬಂತು. ಅಕ್ಷರ ದಪ್ಪ, ಸಾಲು ನೇರ, ಟ್ಯಾಲಿ ಪುಸ್ತಕದ್ದೇ ಕೈ.

ಮಗಳು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿದಳಂತೆ. ಹೆಂಡತಿ ಬೀನ್ಸ್ ಮುರಿಯುತ್ತಾ ಕೇಳಿದರು. ಚಾದರದ ಜಾಗ ಬಂದಾಗ ಕೈ ನಿಂತಿತು. ಓದಿ ಮುಗಿದ ಮೇಲೆ ಎದ್ದು, ಮೂಗಿನ ಬೊಟ್ಟು ಬಿಚ್ಚಿ, ನೀರಿನಲ್ಲಿ ತೊಳೆದು ಬಾಯಿಗೆ ಹಾಕಿಕೊಂಡರು. “ಎರಡು ಗಂಟೆ ಅಂತ ನೀವು ಬರೆದಿದ್ದೀರಿ. ಅವಳು ಗಡಿಯಾರ ನೋಡಿ ಎರಡು ಗಂಟೆ ಇಟ್ಟುಕೊಂಡಳು. ಅನ್ನ ಬಸಿದಳು, ದನ ಕಟ್ಟಿದಳು, ಮಗಳಿಗೆ ಬೇಕಾದ್ದನ್ನು ಕೈಸನ್ನೆಯಲ್ಲೇ ಹೇಳಿದಳು. ನಾನು ಜಗಲಿಯಲ್ಲೇ ಕೂತಿದ್ದೆ. ಆಸ್ಪತ್ರೆಯಲ್ಲೂ ಅಷ್ಟು ಉದ್ದದ ಹೊತ್ತು ನನಗೆ ಬಂದಿರಲಿಲ್ಲ” ಎಂದು ಬರೆದಿದ್ದರು.

ಬೊಟ್ಟನ್ನು ಬಾಯಿಂದ ತೆಗೆದು ಒರೆಸಿ ಮತ್ತೆ ಮೂಗಿಗೆ ಹಾಕಿಕೊಂಡ ಮೇಲೆ ಅವರು ಮೊದಲ ಸಲ ಕೇಳಿದರಂತೆ: ಆ ಹೆಂಗಸಿಗೆ ನೀವು ಏನು ಕೊಟ್ಟಿರಿ?

ಓದುವುದನ್ನು ಅಲ್ಲಿಗೇ ನಿಲ್ಲಿಸಿ ನಾನು ಹಳೆಯ ಟಿಪ್ಪಣಿಗಳನ್ನು ತೆರೆದು ನೋಡಿದೆ. ಆ ಕೋಣೆಯ ಕಿಟಕಿ, ಬೆಳಕಿನ ಹೊತ್ತು, ಕಾಲಿನ ಪಟ್ಟಿ, ತೆಪ್ಪದ ತೂತು ಎಲ್ಲ ಕೇಳಿದ್ದೆ. ಇದನ್ನು ಕೇಳಿರಲಿಲ್ಲ. ಎಣ್ಣೆಯ ಸೀಸೆ ಕೊನೆಗೆ ಎಲ್ಲಿ ಹೋಯಿತು ಎಂದೂ ಕೇಳಿರಲಿಲ್ಲ.

ಕಾಗದದ ಕೊನೆಯ ಸಾಲುಗಳು ಹೀಗಿದ್ದವು: “ಎಣ್ಣೆಯ ಸೀಸೆ ಕೊಟ್ಟೆ ಎಂದೆ. ತುಂಬಿದ್ದಾ ಎಂದು ಕೇಳಿದಳು. ಹೌದು ಎನ್ನಬಹುದಿತ್ತು. ಅರ್ಧ ಎಂದೆ.”

ಅದಕ್ಕೊಂದು ಕಾರ್ಡು ಬರೆದೆ. ಮೂಲೆಯಲ್ಲಿ ಒಂದೇ ಸಂಖ್ಯೆ ಹಾಕಿದೆ. ಪೆಟ್ಟಿಗೆಗೆ ಹಾಕದೆ, ಎರಡು ಸಂಖ್ಯೆಯವುಗಳ ಕಟ್ಟಿಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದೆ.